ಪಾಸಾ ಮೇಡಂ?

ಮಾರ್ಚ್ ಅರ್ಧ ಕಳೆಯಿತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಮಗು ಸರಿಯಾಗಿ ಉಣ್ಣುವುದಿಲ್ಲ, ಮೊಬೈಲ್ ಕೆಳಗಿಡುವುದಿಲ್ಲ ಎಂದು ದೂರುತ್ತಿದ್ದವರೆಲ್ಲ ಒಮ್ಮೆಲೇ ಒಂದನೇ ತರಗತಿಯ ಲೆಕ್ಕ ಕೇಳಲು ಶುರು ಮಾಡುತ್ತಾರೆ. «ವರ್ಷ ಮುಗೀತು, ಇನ್ನೂ ಕೂಡಿಸಿ ಓದೋಕೆ ಬರಲ್ಲ. ಇನ್ನೊಂದು ವರ್ಷ ಒಂದ್ರಲ್ಲೇ ಕೂರಿಸಬಹುದಾ?» ಎಂಬುದು ಅವುಗಳಲ್ಲಿ ಹೆಚ್ಚು ಬರುವ ಪ್ರಶ್ನೆ. ಅದರ ಬೆನ್ನಿಗೇ, ರಜೆಯಲ್ಲಿ ಟ್ಯೂಷನ್‌ಗೆ ಹಾಕಲೇ ಎಂಬುದು. ಹಳ್ಳಿಯಿಂದ ಕೇಳುವವರೂ ಇದನ್ನೇ ಕೇಳುತ್ತಾರೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ ಕೇಳುವವರೂ ಇದನ್ನೇ ಕೇಳುತ್ತಾರೆ. ತಿಪಟೂರು ಕಡೆಯ ಸರ್ಕಾರಿ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ ಬಹಳ ಕಾಲ ಪಾಠ ಮಾಡಿದವಳು ನಾನು. ಹಾಗಾಗಿ ಆ ಕೊಠಡಿಯಲ್ಲೇ ನಿಂತು ಉತ್ತರ ಹೇಳುತ್ತೇನೆ.

ಕಾನೂನಿನ ಮಾತು ಚಿಕ್ಕದು, ಮೊದಲು ಅದನ್ನು ಮುಗಿಸಿಬಿಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿಲ್ಲ. 2019ರಲ್ಲಿ ತಿದ್ದುಪಡಿಯಾಗಿ 5 ಮತ್ತು 8ನೇ ತರಗತಿಗೆ ಮಾತ್ರ ಇದರಿಂದ ವಿನಾಯಿತಿ ಸಿಕ್ಕಿತು. ಒಂದನೇ ತರಗತಿಯಲ್ಲಿ ನಪಾಸು ಎಂಬುದೇ ಇಲ್ಲ. ಆದರೂ ಫಲಿತಾಂಶದ ದಿನ ಅಪ್ಪಂದಿರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ «ನಮ್ ಹುಡ್ಗ ಪಾಸಾ ಮೇಡಂ?» ಎಂದು ಕೇಳದೆ ಒಳಗೆ ಬರುವುದಿಲ್ಲ. ಉತ್ತರ ಕರ್ನಾಟಕದ ಕಡೆ ಮೇಡಂ ಬದಲು ಅಕ್ಕೋರು ಎನ್ನುತ್ತಾರೆ, ಪ್ರಶ್ನೆ ಮಾತ್ರ ಅದೇ. ಪಾಸು ಎಂದು ಹೇಳಿದರೆ ಸಾಕು, ಪ್ರಗತಿ ಪತ್ರಕ್ಕೆ ಸಹಿ ಹಾಕಿ ಎದ್ದುಬಿಡುತ್ತಾರೆ. ನನಗೆ ಬೇಸರ ತರುವುದು ಈ ಅವಸರ. ಪಾಸು ಹೇಗೂ ಗ್ಯಾರಂಟಿ ಇರುವಾಗ ಅದನ್ನೇ ಕೇಳಿಕೊಂಡು ಮನೆಗೆ ಹೋದರೆ ಆ ಮಗುವಿನ ಬಗ್ಗೆ ಏನೂ ತಿಳಿದ ಹಾಗಾಗುವುದಿಲ್ಲ. ತಿಳಿಯಬೇಕಾದ ಸಂಗತಿ ಬೇರೆ ಇದೆ: ಮಗು ಎಲ್ಲಿಗೆ ಬಂದು ನಿಂತಿದೆ?

ನಲಿ-ಕಲಿಯ ತರಗತಿಯಲ್ಲಿ ಈ ಪ್ರಶ್ನೆಗೆ ಉತ್ತರ ಗೋಡೆಯ ಮೇಲೇ ಇರುತ್ತದೆ. ಈ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವಿತ್ತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನಮ್ಮ ಮೇಷ್ಟ್ರುಗಳೇ ಹೋಗಿ ನೋಡಿ ಬಂದು, ಇಲ್ಲಿಗೆ ಹೊಂದುವ ಹಾಗೆ ಕಟ್ಟಿದರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗೆ ಬಂತು, ಆಮೇಲೆ 3ಕ್ಕೂ. ಒಂದೇ ಕೊಠಡಿಯಲ್ಲಿ ಮೂರೂ ತರಗತಿಯ ಮಕ್ಕಳು ಚಾಪೆಯ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಕೆಲವು ಗುಂಪಿಗೆ ಶಿಕ್ಷಕರು ಬೇಕು, ಕೆಲವಕ್ಕೆ ದೊಡ್ಡ ಮಕ್ಕಳ ಸಹಾಯ ಸಾಕು, ಒಂದು ಗುಂಪು ತನ್ನ ಪಾಡಿಗೆ ತಾನು ಕಲಿಯುತ್ತದೆ. ಕಲಿಕಾ ಏಣಿ ಎಂಬ ಪಟ್ಟಿ ಗೋಡೆಯಲ್ಲಿದೆ. ಅದರಲ್ಲಿ ಒಂದೊಂದು ಮೈಲಿಗಲ್ಲು, ಮೈಲಿಗಲ್ಲಿನ ಒಳಗೆ ಕಾರ್ಡುಗಳು, ಕಾರ್ಡಿಗೊಂದು ಚಿತ್ರದ ಗುರುತು. ಓದು ಬಾರದ ಮಗುವೂ ಗುರುತು ನೋಡಿಕೊಂಡು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಪ್ರಗತಿ ನೋಟ ಎಂಬ ಇನ್ನೊಂದು ಹಾಳೆಯಲ್ಲಿ ಯಾವ ಮಗು ಯಾವ ಮೈಲಿಗಲ್ಲು ದಾಟಿತು ಎಂದು ಗುರುತು ಹಾಕಬೇಕು.

ಏಣಿಯ ಕಟ್ಟಳೆ ಏನೆಂದರೆ, ಏಪ್ರಿಲ್‌ನಲ್ಲಿ ಮಗು ಯಾವ ಮೆಟ್ಟಿಲಲ್ಲಿ ನಿಂತಿತೋ ಜೂನ್‌ನಲ್ಲಿ ಅಲ್ಲಿಂದಲೇ ಮುಂದೆ ಹೊರಡಬೇಕು. ಕಂಬಳಿ ನೇಯುವವರು ಸಂಜೆ ಮಗ್ಗದಿಂದ ಎದ್ದರೆ ಮರುದಿನ ಬಿಟ್ಟ ಎಳೆಯಿಂದಲೇ ಕೈ ಹಚ್ಚುವ ಹಾಗೆ. ಎರಡನೇ ತರಗತಿಗೆ ಹೆಸರು ಹೋದ ಮಾತ್ರಕ್ಕೆ ಎರಡನೇ ತರಗತಿಯ ಕಾರ್ಡು ಕೈಗೆ ಬರುವುದಿಲ್ಲ. ಇದು ಗೊತ್ತಾದರೆ, ಇನ್ನೊಂದು ವರ್ಷ ಕೂರಿಸಿ ಎಂಬ ಕೋರಿಕೆಗೆ ಅರ್ಥವೇ ಉಳಿಯುವುದಿಲ್ಲ. ಕೂರಿಸಿದರೆ ಆ ಮಗು ತನಗೆ ಬರುವುದನ್ನೂ ಮತ್ತೆ ಮೊದಲಿಂದ ಮಾಡುತ್ತಾ, ತನಗಿಂತ ಚಿಕ್ಕವರ ಜೊತೆ, ತನ್ನ ಜೊತೆಗಾರರು ಮುಂದಿನ ಗುಂಪಿಗೆ ಹೋಗುವುದನ್ನು ನೋಡಿಕೊಂಡು ಕೂರಬೇಕು. ಆರು ವರ್ಷದ ಮಗುವಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

ಹೀಗಿರುವುದರಿಂದ ಒಂದನೇ ತರಗತಿಯ ವರ್ಷದ ಕೊನೆ ಎಂದರೆ ಪರೀಕ್ಷೆಗಿಂತ ಹೆಚ್ಚಾಗಿ ಗುರುತು ಹಾಕಿಡುವ ಕೆಲಸ. ಮಾರ್ಚ್‌ನಲ್ಲಿ ಸಂಕಲನಾತ್ಮಕ ಮೌಲ್ಯಮಾಪನ ಎಂದು ಕಾಗದದ ಪರೀಕ್ಷೆ ನಡೆಯುತ್ತದೆ, ಅಂಕ ಬರುತ್ತದೆ, ಅದು ಗ್ರೇಡ್ ಆಗುತ್ತದೆ, ಗ್ರೇಡು ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರುತ್ತದೆ. ಹಳ್ಳಿಯ ನೆಟ್‌ವರ್ಕಿನಲ್ಲಿ ಅದನ್ನು ಏರಿಸುವುದೇ ಒಂದು ದೊಡ್ಡ ಕಥೆ, ಇರಲಿ. ನಿಜವಾದ ಕೆಲಸ ನಡೆಯುವುದು ಒಂದೊಂದೇ ಮಗುವನ್ನು ಪಕ್ಕ ಕೂರಿಸಿಕೊಂಡು ಓದಿಸುವಾಗ.

ನಲಿ-ಕಲಿಯಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಕ್ರಮದಲ್ಲಿ ಅಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭ, ಈ ಐದರಿಂದಲೇ ಪದಗಳೂ ಆಗುತ್ತವೆ: ಸರ, ದರ, ಅಗಸ, ಅರಸ, ಗರಗಸ. ಆಮೇಲೆ ಇನ್ನೊಂದು ಗುಚ್ಛ, ಮತ್ತೊಂದು ಗುಚ್ಛ. ಮಾರ್ಚ್‌ನಲ್ಲಿ ಒಬ್ಬ ಹುಡುಗ ನನ್ನ ಪಕ್ಕ ಕೂತು «ಗ-ರ-ಗ-ಸ» ಎಂದು ನಾಲ್ಕೂ ಅಕ್ಷರವನ್ನು ಸ್ಪಷ್ಟವಾಗಿ ಹೇಳಿದ. ಏನೋ ಅದು ಎಂದರೆ ಸುಮ್ಮನೆ ಮುಖ ನೋಡಿದ. ಇನ್ನೊಂದು ಸಲ ಜೋರಾಗಿ ಹೇಳು ಎಂದೆ. ಅಕ್ಷರ ಬಿಡಿಬಿಡಿಯಾಗಿಯೇ ಬಂತು. ಅವರಪ್ಪ ಬಡಗಿ; ಮನೆಯಲ್ಲಿ ದಿನಾ ಕಾಣುವ ವಸ್ತು. ಆದರೂ ಕಾರ್ಡಿನ ಮೇಲಿನ ನಾಲ್ಕು ಅಕ್ಷರಕ್ಕೂ ಗೋಡೆಗೆ ನೇತುಹಾಕಿದ ಗರಗಸಕ್ಕೂ ನಂಟು ಬೆಳೆದಿರಲಿಲ್ಲ. ಅದೇ ದಿನ ಇನ್ನೊಬ್ಬಳು ಬ ನೋಡಿ ಭ ಎಂದಳು, ಪ ನೋಡಿ ಷ ಎಂದಳು, ಆದರೆ ಪದ ಪೂರ್ತಿ ಆಗುತ್ತಿದ್ದ ಹಾಗೆ ತಾನೇ ತಿದ್ದಿಕೊಂಡಳು. ಪರೀಕ್ಷೆಯಲ್ಲಿ ಹುಡುಗನಿಗೆ ಅಂಕ ಜಾಸ್ತಿ ಬಂದಿತ್ತು, ಅಕ್ಷರ ಗುರುತಿಸುವುದರಲ್ಲಿ ಅವನು ಒಂದೂ ತಪ್ಪಿರಲಿಲ್ಲವಲ್ಲ. ಓದಿನ ದಾರಿಯಲ್ಲಿ ಮುಂದಿದ್ದವಳು ಹುಡುಗಿ. ತಪ್ಪಿದ್ದು ಅವಳಿಗೇ ಗೊತ್ತಾಗುತ್ತಿದೆ ಎಂದರೆ ಅವಳು ಅರ್ಥಕ್ಕಾಗಿ ಓದುತ್ತಿದ್ದಾಳೆ ಎಂದೇ ಲೆಕ್ಕ. ಗ್ರೇಡ್ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಬಿಟ್ಟಿತು.

ಗಣಿತದಲ್ಲೂ ಹೀಗೆಯೇ. ಇಪ್ಪತ್ತೇಳು ಬರಿ ಎಂದರೆ ಒಂದನೇ ತರಗತಿಯಲ್ಲಿ ಎಷ್ಟೋ ಮಕ್ಕಳು 207 ಎಂದು ಬರೆಯುತ್ತಾರೆ. ತಪ್ಪೇ, ಆದರೆ ದಡ್ಡತನದ ತಪ್ಪಲ್ಲ: ಇಪ್ಪತ್ತು ಬರೆದು ಅದರ ಮುಂದೆ ಏಳು ಬರೆದಿದ್ದಾರೆ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಕಳಿಸಿದರೆ ಮನೆಯಲ್ಲಿ ಒಂದರಿಂದ ನೂರರವರೆಗೆ ಹತ್ತು ಸಲ ಬರೆಸುತ್ತಾರೆ, ಮಗು ಕೈ ನೋಯಿಸಿಕೊಂಡು ಬರುತ್ತದೆ, ಮತ್ತೆ 207 ಎಂದೇ ಬರೆಯುತ್ತದೆ. ಅದಕ್ಕೆ ಬೇಕಾದದ್ದು ಹತ್ತತ್ತು ಕಡ್ಡಿಯ ಎರಡು ಕಂತೆ, ಬಿಡಿ ಏಳು ಕಡ್ಡಿ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರೆ ಕಂತೆ ಎಷ್ಟು, ಬಿಡಿ ಎಷ್ಟು ಎಂಬುದು ಕೈಗೆ ತಿಳಿಯುತ್ತದೆ. ಎಣಿಸುವಾಗ ಐವತ್ತೊಂಬತ್ತರ ನಂತರ «ಐವತ್ತಹತ್ತು» ಎನ್ನುವ ಮಗುವಿಗೂ ಇದೇ ಔಷಧ. ವರ್ಷದ ಕೊನೆಗೆ ಶಿಕ್ಷಕರು ಬರೆದಿಡಬೇಕಾದದ್ದು ಇದನ್ನು: ಈ ಮಗುವಿಗೆ ಕೂಡುವುದು ಬರುತ್ತದೆ, ಸ್ಥಾನಬೆಲೆ ಇನ್ನೂ ಕಂತೆಯ ಹಂತದಲ್ಲಿದೆ. ಈ ಒಂದು ವಾಕ್ಯದಿಂದ ಜೂನ್‌ನಲ್ಲಿ ಆಗುವ ಉಪಕಾರ ಬಿ ಪ್ಲಸ್ ಎಂಬ ಗ್ರೇಡಿನಿಂದ ಆಗುವುದಿಲ್ಲ.

ಹಾಗಾದರೆ ಒಂದನೇ ತರಗತಿ ಮುಗಿಸಿದ ಮಗುವಿಗೆ ಎಷ್ಟು ಬರಬೇಕು? ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಪುಣ್ ಭಾರತ್ ಯೋಜನೆ ಇದಕ್ಕೊಂದು ಅಂದಾಜು ಕೊಟ್ಟಿದೆ. ಮೊದಲೇ ನೋಡಿರದ ಬರಹದಲ್ಲಿ ನಾಲ್ಕೈದು ಸರಳ ಪದಗಳಿರುವ ಚಿಕ್ಕ ವಾಕ್ಯ ಓದುವುದು, 99ರವರೆಗಿನ ಸಂಖ್ಯೆ ಓದಿ ಬರೆಯುವುದು, ಸುಲಭದ ಕೂಡು-ಕಳೆ. ಅಷ್ಟೇ. ಓದು, ಬರಹ, ಲೆಕ್ಕದ ಬುನಾದಿ ಭದ್ರವಾಗಲು ಅದು ಇಟ್ಟಿರುವ ಗಡುವು ಮೂರನೇ ತರಗತಿಯ ಕೊನೆ. ಅಂದರೆ ಒಂದನೇ ತರಗತಿಯ ಮಗುವಿನ ಮುಂದೆ ಇನ್ನೂ ಎರಡು ವರ್ಷ ಇದೆ. ಕಾಗುಣಿತದಲ್ಲಿ ತಡವರಿಸುವ, ಒತ್ತಕ್ಷರ ಕಂಡರೆ ನಿಂತುಬಿಡುವ ಆರು ವರ್ಷದ ಮಗುವನ್ನು ನೋಡಿ ಗಾಬರಿಯಾಗಬೇಕಿಲ್ಲ. ಪಕ್ಕದ ಮನೆಯ ಮಗು ಪೇಪರ್ ಓದುತ್ತದೆ ಎನ್ನುವವರು ಆ ಮಗುವಿನ ಹುಟ್ಟಿದ ದಿನಾಂಕವನ್ನೂ ಒಮ್ಮೆ ಕೇಳಬೇಕು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮವನ್ನು ನಮ್ಮ ರಾಜ್ಯ ಮಾಡಿದ್ದೇನೋ ಸರಿ, 2025-26ರ ಸಾಲಿಗೆ ಪೋಷಕರ ಒತ್ತಾಯಕ್ಕೆ ಮಣಿದು 5 ವರ್ಷ 5 ತಿಂಗಳಿಗೆ ಇಳಿಸಿತು. ಒಂದೇ ಚಾಪೆಯಲ್ಲಿ ಕೂತ ಇಬ್ಬರ ನಡುವೆ ಹತ್ತು ಹನ್ನೊಂದು ತಿಂಗಳ ಅಂತರ ಇರುವುದು ಅಪರೂಪವೇನಲ್ಲ. ನಮಗೆ ಅದು ಲೆಕ್ಕಕ್ಕಿಲ್ಲದ ಅಂತರ, ಆ ಮಕ್ಕಳಿಗೆ ಬದುಕಿದ ಆಯುಷ್ಯದ ಆರನೇ ಒಂದು ಪಾಲಿನ ಹತ್ತಿರ.

ಏಣಿಯನ್ನು ಹೊಗಳಿದ್ದು ಸಾಕು. ಕಾಗದದ ಮೇಲೆ ಇರುವಷ್ಟು ಚೆಂದವಾಗಿ ಅದು ಎಲ್ಲ ಕಡೆ ನಡೆಯುತ್ತಿಲ್ಲ. ಮೂರು ತರಗತಿ, ಒಬ್ಬರೇ ಶಿಕ್ಷಕಿ, ಬಿಸಿಯೂಟದ ಲೆಕ್ಕ, ಮೇಲಿನಿಂದ ದಿನಕ್ಕೊಂದು ಮಾಹಿತಿ ಕೇಳುವ ವಾಟ್ಸ್ಯಾಪ್ ಗುಂಪು. ಇದರ ಮಧ್ಯೆ ಫೆಬ್ರವರಿ ಬಂದಾಗ ಪ್ರಗತಿ ನೋಟದಲ್ಲಿ ಖಾಲಿ ಮನೆಗಳು ಕಣ್ಣಿಗೆ ಚುಚ್ಚುತ್ತವೆ. ಏಣಿ ಮುಗಿಸಬೇಕು ಎಂಬ ಒತ್ತಡ ಶುರುವಾಗುತ್ತದೆ. ಮೈಲಿಗಲ್ಲುಗಳು ಮಗುವಿಗಿಂತ ವೇಗವಾಗಿ ಓಡತೊಡಗುತ್ತವೆ. ಮಾರ್ಚ್ ಕೊನೆಗೆ ಎಲ್ಲ ಮಕ್ಕಳೂ ಕೊನೆಯ ಮೆಟ್ಟಿಲಲ್ಲಿ ನಿಂತಿರುವ ಪ್ರಗತಿ ನೋಟವನ್ನು ನೋಡಿದರೆ ಮೇಲಧಿಕಾರಿಗಳು ಖುಷಿಯಾಗುತ್ತಾರೇನೋ, ನನಗೆ ಮಾತ್ರ ಅನುಮಾನ ಬರುತ್ತದೆ. ಮಕ್ಕಳು ಹಾಗೆ ಒಟ್ಟಿಗೆ ದಡ ಮುಟ್ಟುವುದಿಲ್ಲ. ಯುಗಾದಿ ಕಳೆದು ಎಡೆಯೂರು ತೇರು, ನೆಂಟರ ಮದುವೆ ಎಂದು ವಾರಗಟ್ಟಲೆ ಬಾರದ ಮಗು ಹಿಂದೆ ಉಳಿದೇ ಉಳಿಯುತ್ತದೆ. ಹಿಂದೆ ಉಳಿದಿದೆ ಎಂದು ನಿಜ ಬರೆದರೆ ಜೂನ್‌ನಲ್ಲಿ ಅದರ ಕೈ ಹಿಡಿಯಬಹುದು.

ಖಾಸಗಿ ಶಾಲೆಗಳಲ್ಲಿ ಬಹುಪಾಲು ಈ ಏಣಿಯೇ ಇಲ್ಲ. ಜೂನ್‌ನಲ್ಲಿ ಎಲ್ಲರಿಗೂ ಎರಡನೇ ತರಗತಿಯ ಪುಸ್ತಕದ ಮೊದಲ ಪುಟ. ಅಲ್ಲಿ ಮಗು ಎಲ್ಲಿ ನಿಂತಿತ್ತು ಎಂಬುದು ಒಂದನೇ ತರಗತಿಯ ಮಿಸ್ಸಿಗೆ ಗೊತ್ತಿರುತ್ತದೆ, ಎರಡನೇ ತರಗತಿಯ ಮಿಸ್ಸಿಗೆ ಗೊತ್ತಿರುವುದಿಲ್ಲ. ಅವರಿಬ್ಬರೂ ಅದೇ ಕಾರಿಡಾರಿನಲ್ಲಿ ದಿನಾ ಎದುರಾಗುತ್ತಾರೆ ಎಂಬುದು ಬೇರೆ ಮಾತು. ಕಪ್ಪು ಗೌನು, ಟೊಪ್ಪಿಗೆ ಹಾಕಿಸಿ ಚಿಕ್ಕ ಮಕ್ಕಳಿಗೆ ಪದವಿ ಪ್ರದಾನದ ಹಾಗೆ ಸಮಾರಂಭ ಮಾಡುವ ಶಾಲೆಗಳಿವೆ. ಫೋಟೋ ಚೆನ್ನಾಗಿ ಬರುತ್ತದೆ, ಏಪ್ರಿಲ್ ಬಿಸಿಲಿಗೆ ಮಕ್ಕಳು ಬೆವರುತ್ತಾರೆ. ಅದೇ ಅರ್ಧ ದಿನ ಇಬ್ಬರು ಮಿಸ್ಸುಗಳು ಕೂತು ಒಂದೊಂದು ಮಗುವಿನ ಬಗ್ಗೆ ಎರಡೆರಡು ಮಾತಾಡಿದ್ದರೆ ಎಷ್ಟೋ ಕೆಲಸವಾಗುತ್ತಿತ್ತು.

ನಮ್ಮ ಕೊಠಡಿಯ ಮುಕ್ತಾಯಕ್ಕೆ ಗೌನಿಲ್ಲ, ಕೆಲಸ ಬಹಳ. ತಲೆಯ ಮೇಲೆ ದಾರ ಕಟ್ಟಿ ಚಪ್ಪರ ಮಾಡಿರುತ್ತೇವೆ. ವರ್ಷವಿಡೀ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದದ ಹೂವು, ಬಣ್ಣ ಹಚ್ಚಿದ ಎಲೆ ಎಲ್ಲ ಅದರಿಂದ ಇಳಿಬಿದ್ದಿರುತ್ತವೆ. ಕೊನೆಯ ದಿನಗಳಲ್ಲಿ ಅದನ್ನು ಬಿಚ್ಚಬೇಕು. ಜೂನ್‌ನಲ್ಲಿ ತಾವೇ ಬರೆದದ್ದನ್ನು ಮಕ್ಕಳು ಗುರುತಿಸುವುದಿಲ್ಲ. ಮನೆ ಎಂದು ಗೀಚಿದ ನಾಲ್ಕು ಅಡ್ಡಗೆರೆ ನೋಡಿ, ಇದು ಯಾವನೋ ಚಿಕ್ಕ ಹುಡುಗ ಬರೆದದ್ದು ಎಂದು ನಗುತ್ತಾರೆ. ಹಿಂದೆ ಹೆಸರು ತೋರಿಸಿದರೆ ನಂಬುವುದಿಲ್ಲ. ಅವರಿಗೆ ಆ ವರ್ಷದ ಫಲಿತಾಂಶ ಗೊತ್ತಾಗುವುದು ಆಗಲೇ. ಆ ಹಾಳೆಗಳನ್ನು ಜೂನ್‌ನದು, ಮಾರ್ಚ್‌ನದು ಎಂದು ಜೊತೆಯಾಗಿ ಪಿನ್ನು ಹಾಕಿ ಮನೆಗೆ ಕಳಿಸುವುದು ನನ್ನ ಪದ್ಧತಿಯಾಗಿತ್ತು. ಗೋಡೆಯ ಕೆಳಭಾಗದ ಹಲಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ ಇರುತ್ತದಲ್ಲ, ಅದನ್ನು ಒರೆಸಲು ಮಾತ್ರ ಒಪ್ಪುವುದಿಲ್ಲ. ತಮ್ಮ ಜಾಗ ಬೇರೆಯವರಿಗೆ ಹೋಗುತ್ತದೆ ಎಂಬ ಭಯ. ಅದೇ ಕೊಠಡಿ, ಅದೇ ಟೀಚರು, ಜೂನ್‌ನಲ್ಲೂ ಇಲ್ಲೇ ಕೂರುವುದು ಎಂದರೆ ಸಮಾಧಾನವಾಗುತ್ತದೆ. ಆಮೇಲೆ ಕಾರ್ಡುಗಳ ಸರದಿ. ಟ್ರೇ ಟ್ರೇ ಇಳಿಸಿ ಗುರುತಿನ ಪ್ರಕಾರ ಜೋಡಿಸಿದರೆ ಒಂದೆರಡು ಕಾರ್ಡು ನಾಪತ್ತೆ ಆಗಿರುತ್ತವೆ, ಯಾರದೋ ಬ್ಯಾಗಿನ ತಳದಲ್ಲಿ ಸಿಗುತ್ತವೆ. ಬೀರುವಿನಲ್ಲಿಟ್ಟು ನುಸಿಗುಳಿಗೆ ಹಾಕಿ ಬೀಗ ಜಡಿಯದಿದ್ದರೆ ರಜೆ ಮುಗಿಯುವಷ್ಟರಲ್ಲಿ ಇಲಿಗಳು ಮೈಲಿಗಲ್ಲು ದಾಟಿರುತ್ತವೆ.

ಏಪ್ರಿಲ್ 10ರ ಆಸುಪಾಸಿಗೆ ಫಲಿತಾಂಶ. ಸರ್ಕಾರಿ ಶಾಲೆಗಳಲ್ಲಿ ಇದನ್ನು «ಸಮುದಾಯದತ್ತ ಶಾಲೆ» ಎಂದು ಪೋಷಕರನ್ನು ಕರೆದು ಮಾಡುತ್ತಾರೆ. ಆ ದಿನ ಮಗುವನ್ನು ಬಿಟ್ಟು ಒಬ್ಬರೇ ಬರಬೇಡಿ. ಪ್ರಗತಿ ಪತ್ರ ನೋಡುವ ಮೊದಲು, ಈ ಮಗು ಯಾವ ಕಾರ್ಡಿನಲ್ಲಿದೆ, ಅದನ್ನೊಮ್ಮೆ ಓದಿಸಿ ಎಂದು ಕೇಳಿ. ನಿಮಗೆ ಓದು ಬರದಿದ್ದರೂ ಅಡ್ಡಿಯಿಲ್ಲ. ಮಗು ಎಲ್ಲಿ ಸರಾಗವಾಗಿ ಹೋಗುತ್ತದೆ, ಎಲ್ಲಿ ಉಗುಳು ನುಂಗಿ ನಿಲ್ಲುತ್ತದೆ ಎಂಬುದು ಕಿವಿಗೇ ತಿಳಿಯುತ್ತದೆ. ನಮ್ಮ ಶಾಲೆಗೆ ಬರುತ್ತಿದ್ದ ಒಬ್ಬ ಅಜ್ಜಿ, ಸಹಿಯ ಬದಲು ಹೆಬ್ಬೆಟ್ಟು ಒತ್ತುವವರು, ಮೊಮ್ಮಗಳು ಓದುವುದನ್ನು ಪೂರ್ತಿ ಕೇಳಿ «ಇಲ್ಲೆಲ್ಲ ನಿಂತ್ಕತಾಳೆ ಕಣವ್ವ, ದೀರ್ಘ ಬಂದಾಗ» ಎಂದಿದ್ದರು. ಆ ಹುಡುಗಿಯ ವಿಷಯದಲ್ಲಿ ನಾನು ಬರೆದಿಟ್ಟಿದ್ದೂ ಅದನ್ನೇ.

ಇನ್ನು ರಜೆ. ಮೇ ಕೊನೆಗೆ ಶಾಲೆ ತೆರೆಯುವವರೆಗೆ ಸುಮಾರು ಏಳು ವಾರ. ಇಷ್ಟರಲ್ಲಿ ಮಕ್ಕಳು ಮರೆಯುವುದು ಖಂಡಿತ, ಈಗಷ್ಟೇ ಅಕ್ಷರ ಕೂಡಿಸಲು ಶುರು ಮಾಡಿದವರು ಹೆಚ್ಚೇ ಮರೆಯುತ್ತಾರೆ. ಹಾಗೆಂದು ಟ್ಯೂಷನ್‌ಗೆ ಹಾಕಬೇಡಿ. ಆ ವಯಸ್ಸಿಗೆ ಟ್ಯೂಷನ್ ಎಂದರೆ ಕಾಪಿ ಬರೆಸುವುದು ಬಿಟ್ಟು ಬೇರೆ ನಡೆಯುವುದನ್ನು ನಾನು ಕಂಡಿದ್ದು ಕಡಿಮೆ. ಮದುವೆ ಕಾಲ, ಮನೆಗೆ ಲಗ್ನಪತ್ರಿಕೆ ಬಂದೇ ಬರುತ್ತವೆ. ಅದರಲ್ಲಿ ಗೊತ್ತಿರುವವರ ಹೆಸರು ಹುಡುಕಿ ಓದಲು ಹೇಳಿ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬಿಸ್ಕತ್ತಿನ ಪೊಟ್ಟಣ ಎಲ್ಲವೂ ಓದಿಗೆ ಆಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ «ಓದುವ ಬೆಳಕು» ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮೊಬೈಲ್ ಹೇಗೂ ಬಿಡುವುದಿಲ್ಲ ಎನ್ನುವವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಹಂತ ಹಂತವಾಗಿ ವಿಂಗಡಿಸಿದ ಕನ್ನಡದ ಕತೆಗಳಿವೆ, ದುಡ್ಡು ಕೊಡಬೇಕಾಗಿಲ್ಲ. ಮೊದಲ ಹಂತದವನ್ನು ನೀವು ಓದಿ ಹೇಳಿ, ಮರುದಿನ ಅದನ್ನೇ ಮಗು ನಿಮಗೆ ಓದಿ ಹೇಳಲಿ. ಲೆಕ್ಕಕ್ಕೆ ಚೌಕಾಬಾರ ಇದೆ, ಅಳಿಗುಳಿ ಮಣೆ ಇದೆ, ಹಾವು ಏಣಿಯಂತೂ ನೂರರವರೆಗೆ ಎಣಿಸಿಯೇ ಆಡಬೇಕು. ಅಜ್ಜಿಯ ಊರಲ್ಲಿ ಎಲ್ಲವೂ ಒಟ್ಟಿಗೇ ಸಿಗುತ್ತವೆ.

ಕೊನೆಗೆ, ಶಾಲೆ ಬದಲಿಸುವವರಿಗೆ ಒಂದು ಮಾತು. ಒಂದನೇ ತರಗತಿ ಮುಗಿಯುತ್ತಲೇ ಟಿಸಿ ಕೇಳಿಕೊಂಡು ಬರುವವರು ಬಹಳ. ಟಿಸಿಯಲ್ಲಿ ಹುಟ್ಟಿದ ದಿನಾಂಕ ಇರುತ್ತದೆ, ಜಾತಿ ಇರುತ್ತದೆ, ಮಗು ಯಾವ ತರಗತಿ ಓದಿತು ಎಂಬುದೂ ಇರುತ್ತದೆ. ಏನು ಓದಬಲ್ಲದು ಎಂಬುದು ಇರುವುದಿಲ್ಲ. ಅದಕ್ಕೆಂದು ಒಂದು ಹಾಳೆಯನ್ನು ಬೇರೆ ಬರೆಸಿಕೊಳ್ಳಿ: ಯಾವ ಅಕ್ಷರಗಳವರೆಗೆ ಬಂದಿದೆ, ಕಾಗುಣಿತ ಎಲ್ಲಿಯವರೆಗೆ, ಲೆಕ್ಕದಲ್ಲಿ ಕಂತೆ ಬೇಕೋ ಬೇಡವೋ. ಮಗು ಅದೇ ಶಾಲೆಯಲ್ಲಿ ಇರುವುದಾದರೂ ಈ ಹಾಳೆ ಕೇಳಿ, ಯಾಕೆಂದರೆ ಬೇಸಿಗೆಯಲ್ಲಿ ವರ್ಗಾವಣೆ ಕೌನ್ಸೆಲಿಂಗ್ ನಡೆದರೆ ಜೂನ್‌ನಲ್ಲಿ ಇರುವುದು ಬೇರೆ ಟೀಚರೇ ಆಗಿರಬಹುದು. ಫಲಿತಾಂಶದ ದಿನ ಕೂಲಿ ಬಿಟ್ಟು ಬರಲಾಗದವರು ಶಾಲೆ ತೆರೆದ ಮೊದಲ ವಾರದಲ್ಲೇ ಹೋಗಿ. ಯೂನಿಫಾರಂ ಹಂಚುವ ಹೊತ್ತಿಗೆ ಹೋದರೆ ಗುಂಪುಗಳು ಆಗಿಬಿಟ್ಟಿರುತ್ತವೆ.